ಹುಳ ಇರುವ ಚಿಪ್ಸು

ಅಂಗಡಿಗೆ ಹೋಗಿ "ನಂಗೆ ಹುಳ ಇರೋ ಚಿಪ್ಸೇ ಬೇಕು, ಹುಳ ಇಲ್ಲದ್ದು ಕೊಟ್ರೆ ಮುಟ್ಟಲ್ಲ" ಎಂದು ಹಟ ಹಿಡಿದು ಜಗಳವಾಡಿದ ಹೆಂಗಸು ಇಡೀ ಕರ್ನಾಟಕದಲ್ಲಿ ಒಬ್ಬರೇ ಒಬ್ಬರು ಇದ್ದರೆ, ಅವರು ನಮ್ಮತ್ತೆ! ನಗಬೇಡಿ. ಜಗಳವಾಡಿದ್ದೂ ನಿಜ, ಕೊನೆಗೆ ಗೆದ್ದು ನಾಲ್ಕು ಪ್ಯಾಕೆಟ್ ತಂದದ್ದೂ ನಿಜ. ಪಕ್ಕದಲ್ಲಿ ನಿಂತು ಸೆರಗಿನ ಬದಲು ಪುಸ್ತಕದಿಂದ ಮುಖ ಮುಚ್ಚಿಕೊಂಡಿದ್ದ ಪಿಯುಸಿ ಹುಡುಗಿ ನಾನೇ.

ನಮ್ಮತ್ತೆ ಅಂದರೆ ನನ್ನ ಅವ್ವನ ತಮ್ಮನ ಹೆಂಡತಿ. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಮೊಳಕಾಲ್ಮೂರಿನ ಮಗ್ಗದ ಬೀದಿಯೊಳಗೆ ನಾನು ಮತ್ತೆ ಕಾಲಿಡುವ ಹಾಗಿಲ್ಲ. ಮಾವ ಅಲ್ಲಿ ರೇಷ್ಮೆ ಸೀರೆ ನೇಯುವವರು. ಅತ್ತೆಯ ತವರು ರಾಯದುರ್ಗದ ಕಡೆ, ಗಡಿಯ ಆಚೆಗೆ. ಹುಟ್ಟಿದಾಗಿನಿಂದ ಬಾಯಿಗೆ ಬಂದದ್ದು ತೆಲುಗು. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದರೆ ಅಲ್ಲಿಯೂ ಬೀದಿಯ ಮುಕ್ಕಾಲು ಮನೆಗಳಲ್ಲಿ ತೆಲುಗೇ! ಇನ್ನು ಕನ್ನಡ ಕಲಿಯುವ ದರ್ದು ಯಾರಿಗೆ? ಹಾಗಾಗಿ ಅತ್ತೆಯ ಕನ್ನಡ ಚಳ್ಳಕೆರೆಗೆ, ಅಂದರೆ ನಮ್ಮೂರಿಗೆ ಬಂದಾಗ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಪಟ್ಟೆ ಸೀರೆ ಆಗಿತ್ತು. ಮಡಿಕೆ ಮಡಿಕೆಯಾಗಿ, ನುಸಿಗುಳಿಗೆಯ ವಾಸನೆಯೊಂದಿಗೆ ಹೊರಬರುತ್ತಿತ್ತು.

ಅತ್ತೆಗೆ ಇದ್ದದ್ದು ಒಂದೇ ಚಟ. ಹುಳಿ. ಸುಮ್ಮನೆ ಇಷ್ಟ ಅಂತಲ್ಲ, ಹುಚ್ಚು! ಮೂರು ದಿನದ ಮಜ್ಜಿಗೆಯನ್ನು ನಾವು ಗಿಡಕ್ಕೆ ಸುರಿಯಲು ಹೊರಟರೆ "ಅಯ್ಯೋ ಪಾಪ, ಈಗ ತಾನೇ ರುಚಿ ಬಂದೈತೆ" ಎಂದು ಕಿತ್ತುಕೊಳ್ಳುವವರು. ಹುಣಸೆ ಚಿಗುರು ಕಂಡರೆ ಬಸ್ಸಿನಲ್ಲಿದ್ದರೂ ಕಿಟಕಿಯಿಂದ ಕೈ ಚಾಚುವವರು. ಪಕ್ಕದ ಮನೆಯ ನಿಂಬೆಗಿಡದಲ್ಲಿ ಒಂದಾದರೂ ಕಾಯಿ ಹಳದಿಗೆ ತಿರುಗಿದ್ದನ್ನು ಆ ಮನೆಯವರು ನೋಡಿಯೇ ಇಲ್ಲವಂತೆ. ಹಬ್ಬದ ದಿನ ಪಾಯಸ ಬಡಿಸಿದರೆ ಅದಕ್ಕೆ ನೆಂಚಿಕೊಳ್ಳಲು ಉಪ್ಪಿನಕಾಯಿ ಕೇಳುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೇನು ತೊಂದರೆ? ಆದರೆ ನಮ್ಮ ಕಡೆ ಮದುವೆಯಾದ ಹೆಂಗಸು ಹುಳಿ ತಿಂದರೆ ಅದು ಬರೀ ತಿಂಡಿಯಲ್ಲ, ಸುದ್ದಿ. ಒಂದು ಹೋಳು ಮಾವಿನಕಾಯಿ ಕಚ್ಚಿದರೆ ಸಾಕು, ಎದುರಿಗಿದ್ದವರ ಕಣ್ಣು ಬಾಯಿಯಿಂದ ನೇರ ಹೊಟ್ಟೆಗೆ ಇಳಿಯುತ್ತದೆ. "ಏನಮ್ಮಾ, ವಿಶೇಷಾನಾ?" ಅತ್ತೆಗೆ ಮದುವೆಯಾಗಿ ವರ್ಷಗಳೇ ಕಳೆದಿದ್ದವು, ಮಕ್ಕಳಾಗಿರಲಿಲ್ಲ. ಹಾಗಾಗಿ ಅವರ ಬಾಯಿಗೆ ಏನು ಹೋಗುತ್ತದೆ ಎಂಬುದರ ಮೇಲೆ ಇಡೀ ಬೀದಿಯ ಕಾವಲಿತ್ತು. ಪಾಪ, ಅವರು ಹುಳಿ ತಿನ್ನುತ್ತಿದ್ದದ್ದು ದಿನಕ್ಕೆ ನಾಲ್ಕು ಸಲ!

ಒಂದು ಸಲ ಏನಾಯಿತು, ಅತ್ತೆ ಹಿತ್ತಿಲಲ್ಲಿ ಕೂತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದುದನ್ನು ನಮ್ಮಜ್ಜಿ ನೋಡಿಬಿಟ್ಟರು. ಅಜ್ಜಿ ಸೊಸೆಯನ್ನು ಒಂದು ಮಾತು ಕೇಳಬೇಕೋ ಬೇಡವೋ? ಇಲ್ಲ. ಓಡಿಹೋಗಿ ಚಳ್ಳಕೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಮ್ಮವ್ವನಿಗೆ ಸುದ್ದಿ ಕಳಿಸಿದರು. ಆ ಕಂಡಕ್ಟರ್ ಸುಮ್ಮನಿರುವ ಜಾತಿಯವನೇ? ಹಾನಗಲ್, ಬಿ.ಜಿ.ಕೆರೆ, ತಳಕು, ಎಲ್ಲ ಸ್ಟಾಪಿನಲ್ಲೂ ಸುದ್ದಿ ಇಳಿಸುತ್ತಾ ಬಂದ. ಮಾರನೆಯ ದಿನ ಅವ್ವ ಹೂವು, ಹಣ್ಣು, ಹಸಿರು ಬಳೆ, ಎಲ್ಲ ಹೊತ್ತುಕೊಂಡು ಮೊಳಕಾಲ್ಮೂರಿಗೆ ಹೋದಳು. ಜೊತೆಯಲ್ಲಿ ನಾನೂ ಇದ್ದೆ. ಬಾಗಿಲಲ್ಲೇ ಅವ್ವ ಅತ್ತೆಯ ಗಲ್ಲ ಹಿಡಿದು "ನಿಜಾನೇನೇ?" ಅಂದಳು.

"ಏನು ನಿಜ, ವದಿನಾ?" ಅತ್ತಿಗೆ ಅನ್ನುವುದಕ್ಕೆ ಅತ್ತೆಯ ಬಾಯಿಗೆ ಬರುತ್ತಿದ್ದದ್ದು ಈ ತೆಲುಗು ಮಾತೇ.

"ಅದೇ, ಹೊಟ್ಟೆಯಾಗೆ..."

"ಹೊಟ್ಟೆಯಾಗೆ ಮಾವಿನಕಾಯಿ ಐತೆ ವದಿನಾ. ಅದೂ ಅರ್ಧ. ಇನ್ನರ್ಧ ನಿಮ್ಮ ತಮ್ಮ ತಿಂದ್ರು. ಬಳೆ ಅವ್ರಿಗೂ ಹಾಕ್ತೀರಾ?"

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಆಮೇಲೆ ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಅವ್ವ ಆ ಬಳೆಗಳನ್ನು ಚೀಲದಿಂದ ತೆಗೆಯದೆ ಹಾಗೇ ವಾಪಸ್ಸು ತಂದಳು.

ಅತ್ತೆಗೆ ಮಗು ಬೇಕಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಅದು ಕೈಯಲ್ಲಿಲ್ಲದ ಮಾತು. ಕೈಯಲ್ಲಿರುವ ಒಂದೇ ಒಂದು ಸಣ್ಣ ಆಸೆ ಎಂದರೆ, ಬಾಯಿಗೆ ಒಂದಿಷ್ಟು ಹುಳಿ ಹಾಕಿಕೊಳ್ಳಬೇಕು, ಹಾಕಿಕೊಂಡಾಗ ಯಾರೂ ತಮ್ಮ ಹೊಟ್ಟೆ ನೋಡಬಾರದು. ಇಷ್ಟೇ! ಇದಕ್ಕಿಂತ ಕಡಿಮೆ ಬೇಡಿಕೆ ಇಟ್ಟುಕೊಂಡ ಮನುಷ್ಯರನ್ನು ನಾನು ನೋಡಿಲ್ಲ. ಇದಕ್ಕಿಂತ ಕಷ್ಟದ ಬೇಡಿಕೆಯನ್ನೂ ನೋಡಿಲ್ಲ.

ಆಗ ಬಂತು ನೋಡಿ, ಕೆಂಪು ಪ್ಯಾಕೆಟ್ಟು!

ತಿಂಗಳಿಗೊಮ್ಮೆ ಅತ್ತೆ ಚಳ್ಳಕೆರೆಗೆ ಒಬ್ಬ ಲೇಡಿ ಡಾಕ್ಟರ ಹತ್ತಿರ ಬರುತ್ತಿದ್ದರು. ಅಲ್ಲಿಂದ ನಮ್ಮ ಮನೆ, ನಮ್ಮ ಮನೆಯಿಂದ ಸಂಜೆ ಬಸ್ಸು. ಅಂಥ ಒಂದು ದಿನ ಡಾಕ್ಟರು "ಇನ್ನೂ ಆರು ತಿಂಗಳು ನೋಡೋಣ" ಅಂದರಂತೆ. ಆ ಮಾತನ್ನು ಅದೆಷ್ಟನೆಯ ಸಲ ಕೇಳಿದ್ದರೋ. ಬಸ್ ಸ್ಟ್ಯಾಂಡಿಗೆ ಬಂದು ಒಂದು ಅಂಗಡಿಯ ಮುಂದೆ ನಿಂತರೆ, ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಬಣ್ಣ ಬಣ್ಣದ ಚಿಪ್ಸ್ ಪ್ಯಾಕೆಟ್ಟುಗಳು. ಆಗಷ್ಟೇ ನಮ್ಮೂರಿಗೆ ಅವು ಬರತೊಡಗಿದ್ದ ಕಾಲ. ಅದರಲ್ಲಿ ಒಂದು ಕೆಂಪಗಿತ್ತು, ಮೇಲೆ ಟೊಮೆಟೊ ಚಿತ್ರ. ಅತ್ತೆ ಬೇಜಾರಿಗೆ ಒಂದು ತೆಗೆದುಕೊಂಡು, ಒಡೆದು, ಒಂದು ಬಿಲ್ಲೆ ಬಾಯಿಗಿಟ್ಟರು.

ನಮ್ಮ ಮನೆಗೆ ಬಂದಾಗ ಅವರ ಮುಖ ನೋಡಬೇಕಿತ್ತು. ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿ "ಬಾಯಿ ತೆಗಿಯೇ" ಎಂದರು. ಒಂದು ಚಿಪ್ಸು ನಾಲಿಗೆಯ ಮೇಲೆ ಬಿತ್ತು. ಮೊದಲು ಉಪ್ಪು, ಆಮೇಲೆ ಒಂಚೂರು ಸಿಹಿ, ಹಿಂದೆಯೇ ದವಡೆಯ ಎರಡೂ ಮೂಲೆಯಲ್ಲಿ ಜುಮ್ಮೆಂದು ಹುಳಿ! ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ತಿಳೀತಾ?" ಅತ್ತೆ ಪಿಸುಗುಟ್ಟಿದರು. "ಒಳಗೆಲ್ಲಾ ಹುಳಿ. ಹೊರಗೆ ನೋಡೋರಿಗೆ ಬರೀ ಆಲೂಗಡ್ಡೆ! ಆಲೂಗಡ್ಡೆ ತಿಂದ್ರೆ ಯಾರಾದ್ರೂ ವಿಶೇಷಾನಾ ಅಂತಾರೇನೇ?"

(ಈ ಸಂಭಾಷಣೆ ನಡೆದದ್ದು ತೆಲುಗಿನಲ್ಲಿ, ಅವ್ವನ ತವರಿನ ಮಾತಾದ್ದರಿಂದ ಅದು ನನಗೂ ಬರುತ್ತಿತ್ತು. ಹಾಗಾಗಿ "ಹುಳಿ" ಸರಿಯಾಗಿದೆ. ಕನ್ನಡದಲ್ಲಿ ನಡೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ಈಗ ಹೇಳುತ್ತೇನೆ.)

ಕನ್ನಡ ಕಲಿಯಲು ಅತ್ತೆ ತಾವೇ ಒಂದು ಸೂತ್ರ ಕಂಡುಹಿಡಿದಿದ್ದರು. ತೆಲುಗಿನ "ಪ" ತೆಗೆದು "ಹ" ಹಾಕು, ಕನ್ನಡ ತಯಾರು. ಪಾಲು ಅಂದರೆ ಹಾಲು. ಪಂದಿ ಅಂದರೆ ಹಂದಿ. ಪುಲಿ ಅಂದರೆ ಹುಲಿ. ನೋಡಿ, ಎಷ್ಟು ಸಲೀಸು! ಯಾವ ಪಂಡಿತರಿಗೂ ಕಡಿಮೆ ಇಲ್ಲದ ಸಂಶೋಧನೆ. ತೊಂದರೆ ಏನೆಂದರೆ, ಅದೇ ಸೂತ್ರದ ಮೇಲೆ ಬೇಳೆಗೆ ಅವರು ಪಪ್ಪು ಬಿಟ್ಟು "ಹಪ್ಪು" ಕೇಳುತ್ತಿದ್ದರು. ಪೊಲೀಸರನ್ನು "ಹೊಲೀಸರು" ಮಾಡಿದ್ದರು. ತೆಲುಗಿನಲ್ಲಿ ಹುಳಿಯಾಗಿದ್ದರೆ "ಪುಲ್ಲಗಾ" ಇದೆ ಅನ್ನುತ್ತಾರೆ. ಅತ್ತೆ ಸೂತ್ರ ಹಾಕಿದರು. ಮುಂದಿನ ತಿಂಗಳು ಅಂಗಡಿಗೆ ಹೋಗಿ ಗಂಭೀರವಾಗಿ ಕೇಳಿದರು: "ಅಣ್ಣಾ, ಹುಲ್ಲು ಇರೋದು ಕೊಡು."

"ಹುಲ್ಲು ಬೇಕಂದ್ರೆ ದನದ ಸಂತೆ ಕಡೆ ಹೋಗವ್ವಾ" ಅಂದ ಅಂಗಡಿಯವನು.

ಮನೆಗೆ ಬಂದು ನನ್ನನ್ನು ಕೇಳಿದರು. ಇಲ್ಲಿ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಪರೀಕ್ಷೆಗೆ ಓದುತ್ತಿದ್ದೆ. ಪುಸ್ತಕದಿಂದ ತಲೆ ಎತ್ತದೆ "ಅತ್ತೆ, ಅದು ಲ ಅಲ್ಲ, ಳ" ಅಂದುಬಿಟ್ಟೆ. ಕೊನೆಯಲ್ಲಿ "ಇ" ಬರಬೇಕು ಅಂತ ಹೇಳಲಿಲ್ಲ. ಅತ್ತೆ ನಾಲಿಗೆ ಮಡಿಸಿ ಮಡಿಸಿ "ಳ, ಳ, ಳ" ಅಂತ ಅಭ್ಯಾಸ ಮಾಡುತ್ತಾ ಬಸ್ಸು ಹತ್ತಿದರು. ತಿಂಗಳಿಡೀ ಮಗ್ಗದ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವಾಗಲೂ ಅದೇ ಅಭ್ಯಾಸವಂತೆ. ಮಾವ ನಾಲಿಗೆಗೆ ಏನೋ ರೋಗ ಬಂತು ಅಂದುಕೊಂಡಿದ್ದರಂತೆ.

ಮುಂದಿನ ಸಲ ಕಾಲೇಜು ಮುಗಿಸಿ ಬರುತ್ತಿದ್ದ ನಾನು ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಿಬಿದ್ದೆ. ಅತ್ತೆ ನನ್ನ ಕೈ ಹಿಡಿದುಕೊಂಡು ಅದೇ ಅಂಗಡಿಗೆ ನಡೆದರು. ವ್ಯಾಪಾರದ ಹೊತ್ತು. ಏಳೆಂಟು ಜನ ನಿಂತಿದ್ದರು.

"ಅಣ್ಣಾ, ಕೆಂಪು ಪ್ಯಾಕೆಟ್ ನಾಕು ಕೊಡು. ಹುಳ ಇರಬೇಕು."

"ಏನಿರಬೇಕು?"

"ಹುಳ! ಹುಳ ಇಲ್ದಿದ್ರೆ ನಂಗೆ ಬ್ಯಾಡ."

"ತಾಯೀ, ನಮ್ಮ ಅಂಗಡ್ಯಾಗೆ ಹುಳ ಗಿಳ ಇಲ್ಲ. ಎಲ್ಲಾ ಹೊಸ ಮಾಲು."

"ಸುಳ್ಳು ಹೇಳಬ್ಯಾಡಣ್ಣಾ. ಎರಡು ತಿಂಗಳ ಹಿಂದೆ ಇಲ್ಲೇ ತಗಂಡಿದ್ದೆ. ಒಂದೊಂದು ಚಿಪ್ಸ್‌ನಾಗೂ ಹುಳ ಇತ್ತು. ನಮ್ಮನೇರೂ ತಿಂದ್ರು. ಭಾಳ ಚೆನ್ನಾಗಿತ್ತು ಅಂದ್ರು!"

ಬನ್ನು ತಿನ್ನುತ್ತಿದ್ದ ಒಬ್ಬರು ಅಗಿಯುವುದನ್ನು ನಿಲ್ಲಿಸಿದರು. ಒಬ್ಬ ಹೆಂಗಸು ಚೀಲದಿಂದ ಬಿಸ್ಕೆಟ್ ಪೊಟ್ಟಣ ತೆಗೆದು ಸದ್ದಿಲ್ಲದೆ ಕಟ್ಟೆಯ ಮೇಲೆ ವಾಪಸ್ಸಿಟ್ಟರು. ಅಂಗಡಿಯವನು ಎರಡೂ ಕೈ ಜೋಡಿಸಿದ. "ಮೆತ್ತಗೆ ಮಾತಾಡವ್ವಾ! ನನ್ನ ಹೊಟ್ಟೆ ಮ್ಯಾಗೆ ಯಾಕೆ ಹೊಡೀತೀಯಾ?"

"ನಾನೆಲ್ಲಿ ಹೊಡೆದೆ? ಹುಳ ಕೊಡು ಅಂದೆ!"

ನಗು ತಡೆದು ತಡೆದು ನನ್ನ ಪಕ್ಕೆ ಹಿಡಿದುಕೊಂಡಿತ್ತು. ಹೇಗೋ ಮಾತು ಹೊರಟಿತು: "ಹುಳಿ ಅಣ್ಣಾ, ಹುಳಿ! ಹುಳಿ ಇರೋದು ಕೇಳ್ತಾ ಇದಾರೆ."

ಅಂಗಡಿಯವನಿಗೆ ಹೋದ ಜೀವ ಬಂತು. ಆ ಖುಷಿಯಲ್ಲಿ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ: "ಹುಳಿನಾ! ಅಯ್ಯೋ ತಾಯಿ, ಅದನ್ನ ಮೊದ್ಲೇ ಹೇಳಬಾರದಾ? ಬಯಕೆ ಅನ್ನು! ಎಷ್ಟೀಗ?"

ಏಳೆಂಟು ಜೊತೆ ಕಣ್ಣುಗಳು ಅತ್ತೆಯ ಹೊಟ್ಟೆಯ ಮೇಲೆ ಇಳಿದವು. ಐವತ್ತು ಕಿಲೋಮೀಟರು ಬಸ್ಸಿನಲ್ಲಿ ಬಂದು, ಆಲೂಗಡ್ಡೆಯೊಳಗೆ ಬಚ್ಚಿಟ್ಟುಕೊಂಡರೂ ಆ ಪ್ರಶ್ನೆ ಬಿಡಲಿಲ್ಲ. ನನ್ನ ನಗು ಅಲ್ಲೇ ನಿಂತಿತು. ಅತ್ತೆ ಸೆರಗು ಸರಿ ಮಾಡಿಕೊಂಡು ಹೇಳಿದರು.

"ಒಂಬತ್ತು."

"ಒಂಬತ್ತು ತಿಂಗಳಾ?" ಅವನು ಬಗ್ಗಿ ನೋಡಿದ. "ಗೊತ್ತೇ ಆಗಲ್ಲ!"

"ವರ್ಷ" ಅಂದರು ಅತ್ತೆ. ನಾಲ್ಕೂ ಪ್ಯಾಕೆಟ್ಟು ಎತ್ತಿಕೊಂಡು ನಡೆದೇಬಿಟ್ಟರು.

ನಾನು ಹಿಂದೆ ಓಡಿದೆ. ಅಳುತ್ತಿರಬಹುದು ಅಂದುಕೊಂಡಿದ್ದೆ. ಅತ್ತೆ ರಸ್ತೆಯ ಮಧ್ಯದಲ್ಲೇ ಒಂದು ಪ್ಯಾಕೆಟ್ ಒಡೆದು ಕರುಂ ಕರುಂ ಎಂದು ತಿನ್ನುತ್ತಿದ್ದರು. "ಇನ್ನು ಯಾಕೆ ಮುಚ್ಚಿಡ್ಲಿ? ಎಲ್ರಿಗೂ ಗೊತ್ತಾತಲ್ಲ. ನೋಡ್ಲಿ ಬಿಡು" ಅಂದರು. ಆಮೇಲೆ ಸ್ವಲ್ಪ ದೂರ ಹೋಗಿ, "ಅದೇನೇ ಅದು, ಹುಳ ಅಂದ್ರೆ?" ಎಂದು ಕೇಳಿದರು. ಹೇಳಿದೆ. ಇಬ್ಬರೂ ದಾರಿಯಲ್ಲಿದ್ದ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿನ ಗೋಡೆಗೆ ಒರಗಿ ಎಷ್ಟು ನಕ್ಕೆವೆಂದರೆ, ಮಿಲ್ಲಿನ ಹಮಾಲರು ಹೊರಗೆ ಬಂದು ನೋಡಿದರು.

ಅಂದಿನಿಂದ ಅತ್ತೆಯ ಹುಳಿ ಬಹಿರಂಗವಾಯಿತು. ಮೊಳಕಾಲ್ಮೂರಿನ ಮನೆಯ ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ ಕೂತು ತಿನ್ನುವುದು. ಯಾರಾದರೂ "ಏನಮ್ಮಾ, ವಿಶೇಷಾನಾ?" ಅಂದರೆ ಪ್ಯಾಕೆಟ್ ತೋರಿಸಿ "ಹೂಂ, ವಿಶೇಷ. ಅರ್ಧ ಗಾಳಿ, ಅರ್ಧ ಆಲೂಗಡ್ಡೆ. ಅವಳಿ ಜವಳಿ!" ಅನ್ನುವುದು. ಕೇಳಿದವರು ಇನ್ನೊಮ್ಮೆ ಕೇಳುತ್ತಿರಲಿಲ್ಲ. ಆದರೆ ಹೊಸಬರು ಹುಟ್ಟುತ್ತಲೇ ಇದ್ದರಲ್ಲ, ಕೇಳುವುದು ನಿಲ್ಲಲೂ ಇಲ್ಲ.

ಚಿಪ್ಸಿನ ಆ ಕೆಂಪು ಪುಡಿ ಇದೆ ನೋಡಿ, ಅದು ನೇಕಾರರ ಮನೆಗೆ ಶತ್ರು. ಒಂದು ದಿನ ಮಾವ ನೇಯುತ್ತಿದ್ದ ಕೆನೆ ಬಣ್ಣದ ಸೀರೆಯ ಸೆರಗಿನ ಮೇಲೆ ಹೆಬ್ಬೆಟ್ಟಿನ ಗುರುತು ಮೂಡಿತ್ತು, ದುಂಡಗೆ, ಅಚ್ಚುಕಟ್ಟಾಗಿ, ಕಿತ್ತಳೆ ಕೆಂಪು. ಮಾವ ತಲೆಯ ಮೇಲೆ ಕೈ ಹೊತ್ತು ಕೂತರು. ಸೀರೆ ನೇಯಿಸುತ್ತಿದ್ದ ಸಾಹುಕಾರರು ಬಂದು ಕನ್ನಡಕ ಏರಿಸಿ "ಇದೇನಿದು?" ಅಂದರೆ, ಅತ್ತೆ ಕಣ್ಣು ಮಿಟುಕಿಸದೆ "ಬುಟ್ಟಾ ಸಾಹುಕಾರ್ರೇ. ಹೊಸಾ ಡಿಸೈನು. ಒಂದೇ ಹಾಕಿ ನೋಡೀವಿ, ಚೆನ್ನಾಗಿದ್ರೆ ಎಲ್ಲಾ ಕಡೆ ಹಾಕ್ತೀವಿ" ಅಂದರು! ಸಾಹುಕಾರರು ಮೂಸಿ ನೋಡಿದರು. "ಬುಟ್ಟಾ ಟೊಮೆಟೊ ವಾಸನೆ ಹೊಡೀತೈತಲ್ಲಮ್ಮಾ" ಅಂದರು.

ಅಲ್ಲಿಂದ ಮುಂದೆ ಮಾವ ಕಟ್ಟಾಜ್ಞೆ ಮಾಡಿದರು, ಚಿಪ್ಸಿಗೆ ಕೈ ತಾಗುವ ಹಾಗಿಲ್ಲ. ಅತ್ತೆ ಸೋಲುವವರೇ? ಚೊಂಬಿನಿಂದ ನೀರು ಎತ್ತಿ ಕುಡಿಯುವ ಹಾಗೆ ಪ್ಯಾಕೆಟ್ಟನ್ನು ಎತ್ತಿ ನೇರ ಬಾಯಿಗೆ ಸುರಿದುಕೊಳ್ಳತೊಡಗಿದರು. ಮೊದಲ ದಿನ ಪುಡಿ ಪೂರ್ತಿ ಮೂಗಿಗೆ ಹೋಗಿ ಹದಿನೈದು ಸೀನು. ಮಗ್ಗದ ಸದ್ದಿಗಿಂತ ಅತ್ತೆಯ ಸೀನಿನ ಸದ್ದೇ ಜೋರಾಗಿತ್ತೆಂದು ಮಾವ ಇವತ್ತಿಗೂ ಹೇಳುತ್ತಾರೆ.

ಮನೆಯಲ್ಲಿ ಹುಣಸೆಹಣ್ಣು ತೀರಿದ್ದ ಒಂದು ದಿನ ಅದೇ ಸಾಹುಕಾರರು ಊಟಕ್ಕೆ ಬಂದಿದ್ದರಂತೆ. ಅತ್ತೆ ಎರಡು ಪ್ಯಾಕೆಟ್ ಚಿಪ್ಸನ್ನು ಕೈಯಲ್ಲಿ ಹಿಸುಕಿ ಬೇಳೆ ಸಾರಿಗೆ ಸುರಿದುಬಿಟ್ಟರು. ಸಾಹುಕಾರರು ಮೂರು ಸಲ ಹಾಕಿಸಿಕೊಂಡು "ಏನಮ್ಮಾ ಹಾಕೀಯಾ ಇದಕ್ಕೆ?" ಎಂದು ಕೇಳಿದರು. "ಬೆಂಗಳೂರು ಹುಣಸೆ" ಅಂದರು ಅತ್ತೆ. ಪಾಪ ಆ ಮನುಷ್ಯ ಬೆಂಗಳೂರಿಗೆ ಸೀರೆ ಕೊಡಲು ಹೋದಾಗಲೆಲ್ಲ ಅಲ್ಲಿನ ಮಾರುಕಟ್ಟೆಯಲ್ಲಿ ಬೆಂಗಳೂರು ಹುಣಸೆ ಹುಡುಕಿದರಂತೆ!

ಹೀಗೇ ವರ್ಷಗಳು ಹೋದವು. ಒಂದು ದಿನ ಡಾಕ್ಟರು ಅತ್ತೆಯ ಕೈ ಹಿಡಿದು "ಇನ್ನು ಬರೋದು ಬೇಡಮ್ಮ" ಅಂದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುಂದಿನ ತಿಂಗಳು ಅದೇ ದಿನ, ಅದೇ ಬಸ್ಸಿಗೆ ಅತ್ತೆ ಚಳ್ಳಕೆರೆಯಲ್ಲಿ ಇಳಿದರು. ಅವ್ವ ಗಾಬರಿಯಾಗಿ "ಮತ್ತೆ ಯಾಕೆ ಬಂದ್ಯೇ?" ಅಂದರೆ, "ಡಾಕ್ಟ್ರು ಬರಬ್ಯಾಡ ಅಂದ್ರು ವದಿನಾ. ಚಿಪ್ಸಿನ ಅಂಗಡಿಯೋನು ಏನೂ ಅಂದಿಲ್ಲ" ಅಂದರು. ಮೊಳಕಾಲ್ಮೂರಿನಲ್ಲಿ ಆ ಹೊತ್ತಿಗೆ ಕೆಂಪು ಪ್ಯಾಕೆಟ್ಟು ಬೀದಿ ಬೀದಿಯಲ್ಲೂ ಸಿಗುತ್ತಿತ್ತು. ಅದು ಅವ್ವನಿಗೂ ಗೊತ್ತಿತ್ತು. ಅವ್ವ ಊಟಕ್ಕೆ ತಟ್ಟೆ ಹಾಕಿದಳು.

ಈಗ ನನ್ನ ವಿಷಯ.

ನನ್ನ ಮದುವೆ ಪರಶುರಾಂಪುರದ ಕಡೆಗೆ ಆಯಿತು. ಗಂಡ ಲೈನ್‌ಮನ್. ಮೊದಲ ಬಸಿರು ಎರಡು ತಿಂಗಳಾದಾಗ ಅವ್ವನಿಗೆ ಹೇಳಿದೆ. ಅವ್ವ ಸಂತೋಷ ತಡೆಯಲಾರದೆ ಊರಿಗೆಲ್ಲ ಹೇಳಿದಳು. ಮೂರನೆಯ ತಿಂಗಳಲ್ಲೇ ಬಸಿರು ಹೋಯಿತು. ಎರಡನೆಯದೂ ಹಾಗೇ ಆಯಿತು. ಹೋದದ್ದರ ಸಂಕಟ ಒಂದು. ಆಮೇಲೆ ಸಾಲು ಸಾಲಾಗಿ ಬಂದು ಕೂತು "ಏನಾಯ್ತಮ್ಮಾ? ಭಾರ ಎತ್ತಿದ್ಯಾ? ಪಪ್ಪಾಯಿ ತಿಂದ್ಯಾ?" ಎಂದು ಕೇಳುವವರ ಸಂಕಟ ಇನ್ನೊಂದು. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕು. ಹೇಳಿದಷ್ಟು ಸಲವೂ ಅದು ಇನ್ನೊಮ್ಮೆ ಆಗುತ್ತಿತ್ತು.

ಮೂರನೆಯ ಸಲ ನಾನು, ನನ್ನ ಗಂಡ ತೀರ್ಮಾನ ಮಾಡಿದೆವು. ಐದು ತಿಂಗಳು ತುಂಬಿದರೆ ಬಸಿರು ಗಟ್ಟಿ ಅಂತ ನಮ್ಮ ಕಡೆ ನಂಬಿಕೆ, ಅಲ್ಲಿಯವರೆಗೆ ಯಾರಿಗೂ ಹೇಳುವುದಿಲ್ಲ, ಅವ್ವನಿಗೂ ಇಲ್ಲ. ಈ ಸಲವೂ ಹೋದರೆ ಇಬ್ಬರೇ ಅಳೋಣ, ಊರಿನ ಜೊತೆ ಅಳುವ ಶಕ್ತಿ ನನಗಿಲ್ಲ ಅಂದೆ.

ಅದೇ ಹೊತ್ತಿಗೆ ಬರಬೇಕೇ ನನ್ನ ತಮ್ಮನ ಮದುವೆ? ಚಳ್ಳಕೆರೆಯಲ್ಲಿ, ಮೂರು ದಿನ, ಮನೆ ತುಂಬ ನೆಂಟರು. ನನಗೆ ಆಗ ಮೂರನೆಯ ತಿಂಗಳು. ಬಾಯಿಯೆಲ್ಲ ಸಪ್ಪೆ. ಹೋಳಿಗೆ ಕಂಡರೆ ಹೊಟ್ಟೆ ತೊಳೆಸುತ್ತಿತ್ತು. ನಾಲಿಗೆ ಒಂದೇ ಒಂದನ್ನು ಬೇಡುತ್ತಿತ್ತು. ಏನೆಂದು ಹೇಳಬೇಕೇ? ಎದುರಿನ ಅಂಗಡಿಯಲ್ಲಿ ತೂಗುತ್ತಿತ್ತು, ಕೆಂಪಗೆ. ಆದರೆ ಎರಡು ಸಲ ಕಳೆದುಕೊಂಡ ಹೆಂಗಸು ನೆಂಟರ ನಡುವೆ ಹುಳಿ ಚಿಪ್ಸು ತಿನ್ನುವುದೂ ಒಂದೇ, ಛತ್ರದ ಮೈಕಿನಲ್ಲಿ ಸುದ್ದಿ ಹೇಳುವುದೂ ಒಂದೇ! ಹಲ್ಲು ಕಚ್ಚಿಕೊಂಡೆ. ಊಟದ ಪಂಕ್ತಿಯಲ್ಲಿ ಎಲ್ಲ ಬಿಟ್ಟು ಎಲೆಯ ತುದಿಯ ಉಪ್ಪಿನಕಾಯಿಯ ರಸವನ್ನು ಕಿರುಬೆರಳಿನಿಂದ ನೆಕ್ಕಿದೆ. ತಲೆ ಎತ್ತಿದರೆ ಎದುರು ಸಾಲಿನಲ್ಲಿ ಅತ್ತೆ ನನ್ನನ್ನೇ ನೋಡುತ್ತಿದ್ದರು.

ಈಗ ಕೇಳುತ್ತಾರೆ ಅಂದುಕೊಂಡೆ. ಅತ್ತೆ ಕೇಳಲಿಲ್ಲ. ಊಟ ಮುಗಿಸಿ ಎದ್ದರು, ಎದುರಿನ ಅಂಗಡಿಗೆ ಹೋದರು, ಸೆರಗಿನ ತುಂಬ ಕೆಂಪು ಪ್ಯಾಕೆಟ್ಟು ಹೊತ್ತು ತಂದು, ಹೆಂಗಸರೆಲ್ಲ ಕೂತು ಹೂ ಕಟ್ಟುತ್ತಿದ್ದ ಪಡಸಾಲೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಢಬ್ ಎಂದು ಒಂದನ್ನು ಒಡೆದರು.

"ಏನಮ್ಮಾ, ಈ ವಯಸ್ಸಿನಾಗೂ ಬಯಕೆನಾ?" ಒಬ್ಬರು ಶುರು ಮಾಡಿದರು.

"ಹೂಂ, ಬಯಕೆ! ನಿಮಗ್ಯಾಕೆ ಹೊಟ್ಟೆಕಿಚ್ಚು?" ಅಂದರು ಅತ್ತೆ. ಪಡಸಾಲೆಯೆಲ್ಲ ನಕ್ಕಿತು. ಆ ನಗುವಿನ ನಡುವೆ ನನ್ನನ್ನು ಕರೆದರು. "ಬಾರೇ ಇಲ್ಲಿ. ಒಬ್ಬಳೇ ತಿಂದ್ರೆ ಜನ ಆಡ್ಕಂತಾರೆ. ನನ್ನ ಜೊತೆ ಕೂತ್ಕಾ."

ಕೂತೆ. ತೆರೆದ ಪ್ಯಾಕೆಟ್ಟು ನನ್ನ ಮಡಿಲಿಗೆ ಬಂತು. ಬಾಯಿ ತುಂಬ ತಿಂದೆ. ದವಡೆ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು. ಯಾರೂ ನನ್ನ ಕಡೆ ನೋಡಲೇ ಇಲ್ಲ. ಹೇಗೆ ನೋಡುತ್ತಾರೆ? ಎಲ್ಲರ ಕಣ್ಣೂ ಅತ್ತೆಯ ಮೇಲೆ! ಅತ್ತೆ ಬಿಡುವು ಕೊಟ್ಟರೆ ತಾನೇ? ಒಂದು ಮಾತಿಗೆ ಎರಡು ಮಾತು, ಒಂದು ಕುಚೋದ್ಯಕ್ಕೆ ಇನ್ನೊಂದು.

ಅಷ್ಟರಲ್ಲಿ ಮಾವ ಬಾಗಿಲಲ್ಲಿ ಬಂದು ನಿಂತು ಬೈದರು. "ಏಯ್, ನಿಂಗೇನು ಬುದ್ಧಿ ಐತಾ? ಎದೆಯುರಿ ಅಂತ ಡಾಕ್ಟ್ರು ಹುಳಿ ಮುಟ್ಟಬ್ಯಾಡ ಅಂದಿಲ್ವಾ? ಒಂದು ವರ್ಷದಿಂದ ಬಿಟ್ಟಿದ್ಯಲ್ಲ, ಇವತ್ತೇನು ಬಂತು?"

ನಾನು ತಿನ್ನುವುದನ್ನು ನಿಲ್ಲಿಸಿ ನೋಡಿದೆ. ಅತ್ತೆಯ ಕೈಯಲ್ಲಿ ಒಂದೇ ಒಂದು ಚಿಪ್ಸು ಇತ್ತು. ಅದನ್ನೇ ಅಷ್ಟು ಹೊತ್ತಿನಿಂದ ತುದಿ ತುದಿ ಕಚ್ಚುತ್ತಿದ್ದರು.

ಮೂರೂ ದಿನ ಹೀಗೇ ನಡೆಯಿತು. ಕೊನೆಯ ದಿನ ನೆಂಟರಲ್ಲಿ ವಯಸ್ಸಾದ ಹೆಂಗಸೊಬ್ಬರು ತಮಾಷೆ ಅಂದುಕೊಂಡು ಎಲ್ಲರೆದುರು ಅತ್ತೆಯ ಹೊಟ್ಟೆಯ ಮೇಲೆ ಕೈಯಿಟ್ಟು "ನೋಡೋಣ, ಒಳಗೆ ಏನಾದ್ರೂ ಅಲ್ಲಾಡ್ತೈತಾ?" ಅಂದುಬಿಟ್ಟರು. ಜೀವಮಾನವಿಡೀ ಅತ್ತೆ ಯಾವುದರಿಂದ ತಪ್ಪಿಸಿಕೊಂಡು ಓಡಿದ್ದರೋ ಅದು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ನಿಜ ಹೇಳಿಬಿಡೋಣ ಅಂದುಕೊಂಡೆ, ಆದದ್ದಾಗಲಿ. ಅತ್ತೆ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕರು. ಹಿಡಿದ ಕೈ ಮಾತ್ರ ಬಿಡಲಿಲ್ಲ.

ನೆಂಟರೆಲ್ಲ ಹೊರಟ ಮೇಲೆ ಹಿತ್ತಿಲಿನಲ್ಲಿ ನಾವಿಬ್ಬರೇ ಇದ್ದಾಗ "ಅತ್ತೆ, ನಂಗೆ..." ಎಂದು ಬಾಯಿ ತೆಗೆದೆ. ಅತ್ತೆ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

"ಹೇಳಬ್ಯಾಡ. ನಾನು ಕೇಳಿಲ್ಲ, ನೀನು ಹೇಳಿಲ್ಲ. ಐದು ತುಂಬ್ಲಿ. ಆಮ್ಯಾಗೆ ಮೊದ್ಲು ನಿಮ್ಮವ್ವಂಗೆ ಹೇಳು. ಎಲ್ರಿಗೂ ಹೇಳಿ ಮುಗಿಸಿ, ಕೊನೆಗೆ ನಂಗೆ ಹೇಳು. ಏನೂ ಗೊತ್ತೇ ಇಲ್ಲ ಅಂಬಂಗೆ ಕೇಳಿಸ್ಕಂಡು, ಒಂದ್ಸಲ ಕುಣೀಬೇಕು ಅಂತ ಆಸೆ ಐತೆ ಕಣೇ ನಂಗೆ."

ಆ ಎರಡು ತಿಂಗಳು ನಾನು ಉಸಿರು ಬಿಗಿಹಿಡಿದು ಕಳೆದೆ. ಐದು ತುಂಬಿತು. ಡಾಕ್ಟರು "ಎಲ್ಲಾ ಚೆನ್ನಾಗಿದೆ" ಅಂದರು. ಅವ್ವನಿಗೆ ಹೇಳಿದೆ, ಅವ್ವ ಅತ್ತಳು. ಗಂಡನ ಮನೆಯವರಿಗೆ ಹೇಳಿದೆವು, ತಮ್ಮನಿಗೆ ಹೇಳಿದೆವು. ಎಲ್ಲ ಮುಗಿದ ಮೇಲೆ ಮಾವನ ಹೊಸ ಮೊಬೈಲಿಗೆ ಫೋನು ಮಾಡಿದೆ. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. ಅತ್ತೆ ಫೋನು ತೆಗೆದುಕೊಂಡರು.

"ಅತ್ತೆ, ನಂಗೆ ಐದು ತಿಂಗಳು."

"ಏನಂದೆ?" ಅತ್ತೆ ಕಿರುಚಿದರು. "ಅಯ್ಯೋ ದೇವ್ರೇ! ನಂಗೆ ಗೊತ್ತೇ ಇರ್ಲಿಲ್ಲ!" ಕನ್ನಡದಲ್ಲಿ ಕೂಗಿದರು, ತೆಲುಗಿನಲ್ಲಿ ಕೂಗಿದರು. ಅಕ್ಕಪಕ್ಕದವರನ್ನೆಲ್ಲ ಹೆಸರು ಹಿಡಿದು ಕರೆದರು. ಮಗ್ಗ ನಿಂತಿತು. ಚಪ್ಪಾಳೆ ಕೇಳಿಸಿತು, ಕಾಲಿನ ಸದ್ದು ಕೇಳಿಸಿತು. ನಿಜವಾಗಿಯೂ ಕುಣಿಯುತ್ತಿದ್ದರು! ನಾನು ಇಲ್ಲಿ ನಗುತ್ತಾ ನಿಂತಿದ್ದೆ. ಎಂಥ ನಾಟಕ ಆಡ್ತೀರಿ ಅತ್ತೆ ಎನ್ನಬೇಕೆಂದಿದ್ದೆ.

ಸ್ವಲ್ಪ ಹೊತ್ತಿಗೆ ಆ ಕಡೆ ಎಲ್ಲ ಸದ್ದೂ ನಿಂತಿತು. ಅತ್ತೆ ಫೋನನ್ನು ತೀರಾ ಹತ್ತಿರ ಹಿಡಿದುಕೊಂಡಿರಬೇಕು, ಉಸಿರು ಕೇಳುತ್ತಿತ್ತು. ಈ ಸಲ ಕೂಗಲಿಲ್ಲ.

"ಇನ್ನೊಂದ್ಸಲ ಹೇಳೇ" ಅಂದರು.

ಹೇಳಿದೆ.

"ಇನ್ನೊಂದ್ಸಲ."